ಹೆರದೆ ತಾಯಾದವಳು: ಕೆಳದಿಯ ರಾಣಿ ಚೆನ್ನಮ್ಮಾಜಿ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಧರ್ಮಕೇಂದ್ರವನ್ನು ಸ್ಥಾಪಿಸಿದ ಗುರುವರ್ಯರನ್ನೂ, ನೆಲವನ್ನು ಕೊಟ್ಟ ದಾನಿಗಳನ್ನೂ, ಕಲ್ಲು ಹೊತ್ತು ಗೋಡೆ ಕಟ್ಟಿದ ಶ್ರಮಿಕರನ್ನೂ ಸ್ಮರಿಸುವುದು ವಾಡಿಕೆ. ಅದು ಉಚಿತವೇ ಸರಿ. ಆದರೆ ನಮ್ಮ ದೇವಾಲಯದ ನೂರು ವರ್ಷಗಳಿಗಿಂತ ಬಹು ಹಿಂದೆಯೇ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸದ ದೀಪ ಉರಿಯುತ್ತಿತ್ತು. ಆ ದೀಪವನ್ನು ಹಚ್ಚಿದವರು ನಮ್ಮವರಾದರೂ ಅದು ಗಾಳಿಗೆ ಆರದಂತೆ ಕೈ ಅಡ್ಡ ಹಿಡಿದವರಲ್ಲಿ ನಮ್ಮ ಮತದವರಲ್ಲದವರೂ ಇದ್ದರು. ಅಂತಹವರಲ್ಲಿ ಅಗ್ರಗಣ್ಯಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಆಕೆ ನಿಷ್ಠಾವಂತ ವೀರಶೈವಳು. ಆದರೂ ಆಕೆಯ ಜೀವನವನ್ನು ಈ ಸಂಚಿಕೆಯಲ್ಲಿ ಸ್ಮರಿಸಲು ನಮಗೆ ಎರಡು ಕಾರಣಗಳಿವೆ. ಒಂದು, ಆಕೆಯ ಆಳ್ವಿಕೆಯಲ್ಲಿ ನಮ್ಮ ಪೂರ್ವಿಕರ ಆರಾಧನೆಗೆ ಎಡೆ ದೊರೆಯಿತೆಂಬ ಕೃತಜ್ಞತೆ. ಇನ್ನೊಂದು, ತಾಯ್ತನವೆಂದರೇನು ಎಂಬುದಕ್ಕೆ ಆಕೆಯ ಬದುಕು ಕೊಟ್ಟಿರುವ ಉತ್ತರ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ನಾಡಿನ ಇತಿಹಾಸದಲ್ಲಿ ಹೆಸರು ಹೋಲುವ ಮೂವರು ರಾಣಿಯರಿದ್ದಾರೆ. ಗೇರುಸೊಪ್ಪೆಯಿಂದ ಆಳಿ, ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಕರೆಸಿಕೊಂಡವಳು ಜೈನ ರಾಣಿ ಚೆನ್ನಭೈರಾದೇವಿ. ಆಕೆಯ ಕಾಲ ಹದಿನಾರನೆಯ ಶತಮಾನ. 1824ರಲ್ಲಿ ಬ್ರಿಟಿಷರ ವಿರುದ್ಧ ಖಡ್ಗ ಹಿರಿದವಳು ಕಿತ್ತೂರಿನ ಚೆನ್ನಮ್ಮ. ಇವರಿಬ್ಬರ ನಡುವಿನ ಕಾಲದಲ್ಲಿ, 1672ರಿಂದ 1697ರವರೆಗೆ, ಘಟ್ಟದ ಮೇಲಿನ ಬಿದನೂರಿನಿಂದ ಮಲೆನಾಡನ್ನೂ ಕರಾವಳಿಯನ್ನೂ ಆಳಿದವಳು ನಾವು ಈಗ ಸ್ಮರಿಸುತ್ತಿರುವ ಕೆಳದಿಯ ಚೆನ್ನಮ್ಮಾಜಿ. ಆಗಿನ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ.

ಕೆಳದಿಯ ಅರಸರು ವಿಜಯನಗರದ ಸಾಮಂತರಾಗಿ ತಲೆಯೆತ್ತಿ, ಆ ಸಾಮ್ರಾಜ್ಯ ಕುಸಿದ ಮೇಲೆ ಸ್ವತಂತ್ರರಾದರು. ಅವರಲ್ಲಿ ಶಿವಪ್ಪನಾಯಕನ ಹೆಸರು ಇಂದಿಗೂ ರೈತರ ಬಾಯಲ್ಲಿದೆ. ಭೂಮಿಯನ್ನು ಅಳೆಸಿ, ಮಣ್ಣಿನ ಗುಣವನ್ನರಿತು ಕಂದಾಯ ನಿಗದಿ ಮಾಡಿದ ಶಿವಪ್ಪನಾಯಕನ ಶಿಸ್ತು ಪ್ರಸಿದ್ಧವಾದುದು. ಈ ಶಿವಪ್ಪನಾಯಕನೇ ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದವನು. 1569ರಲ್ಲಿ ಪೋರ್ಚುಗೀಸರ ವಶವಾಗಿದ್ದ ಹೊನ್ನಾವರದ ಕೋಟೆ 1654ರಲ್ಲಿ ಅವನ ಕೈಸೇರಿತು. ಕೋಟೆಯ ಆಶ್ರಯದಲ್ಲಿ ಬೆಳೆದಿದ್ದ ಕ್ರೈಸ್ತ ಸಮುದಾಯ ಅಂದಿನಿಂದ ಅನಾಥಪ್ರಾಯವಾಯಿತು. ಗುರುಗಳಿಲ್ಲ, ಸಂಸ್ಕಾರಗಳಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡುವವರು ಅಪರೂಪ. ಈ ಹಿನ್ನೆಲೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮಾತ್ರ ಆ ಶಿವಪ್ಪನಾಯಕನ ಸೊಸೆ ಮುಂದೆ ಮಾಡಿದ ಕಾರ್ಯದ ಬೆಲೆ ನಮಗೆ ತಿಳಿದೀತು.

ಚೆನ್ನಮ್ಮ ಅರಸುಮನೆತನದಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪಶೆಟ್ಟಿ ಎಂಬ ವರ್ತಕನ ಮಗಳು. ಶಿವಪ್ಪನಾಯಕನ ಮಗನಾದ ಸೋಮಶೇಖರನಾಯಕನು ಆಕೆಯ ರೂಪಗುಣಗಳನ್ನು ಮೆಚ್ಚಿ 1667ರಲ್ಲಿ ವಿವಾಹವಾದನು. ವರ್ತಕನ ಮನೆಯಲ್ಲಿ ಲೆಕ್ಕ, ತೂಕ, ಮಾತಿನ ನಂಬಿಕೆ ಇವುಗಳನ್ನು ನೋಡುತ್ತ ಬೆಳೆದ ಹುಡುಗಿ ಅರಮನೆಯಲ್ಲಿ ರಾಜ್ಯಶಾಸ್ತ್ರವನ್ನು ಕಲಿತಳು. ಪತಿಯ ಆಡಳಿತದಲ್ಲಿ ಆಕೆಯ ಸಲಹೆಗೆ ಸ್ಥಾನವಿತ್ತು. ಲಿಂಗಣ್ಣ ಕವಿಯ ಕೆಳದಿನೃಪವಿಜಯವೆಂಬ ಕಾವ್ಯ ಈ ಮನೆತನದ ಚರಿತ್ರೆಯನ್ನು ನಮಗಾಗಿ ಕಾದಿರಿಸಿದೆ.

ಆದರೆ ಆ ಸುಖ ಅಲ್ಪಕಾಲದ್ದಾಯಿತು. ಸೋಮಶೇಖರನಾಯಕನು ಒಬ್ಬ ನರ್ತಕಿಯ ಮೋಹಕ್ಕೆ ಸಿಲುಕಿ, ಅವಳ ಕಡೆಯವರು ಉಣಿಸಿದ ಮದ್ದಿನಿಂದ ದೇಹವನ್ನೂ ಬುದ್ಧಿಯನ್ನೂ ಕೆಡಿಸಿಕೊಂಡನೆಂದು ಪರಂಪರೆ ಹೇಳುತ್ತದೆ. ರಾಜನು ರಾಜಕಾರ್ಯವನ್ನು ಮರೆತನು. ಆಸ್ಥಾನದಲ್ಲಿ ಬಣಗಳು ಹುಟ್ಟಿದವು. ಸಂತಾನವಿಲ್ಲದ ಅರಸನ ಸಿಂಹಾಸನಕ್ಕೆ ತಮ್ಮ ತಮ್ಮ ಕಡೆಯವರನ್ನು ತರುವ ಹವಣಿಕೆ ನಡೆಯಿತು. ಈ ಸುದ್ದಿ ಬಿಜಾಪುರದ ಸುಲ್ತಾನನ ಕಿವಿಗೆ ಬಿದ್ದು ಅವನ ಸೈನ್ಯ ಬಿದನೂರಿನತ್ತ ಹೊರಟಿತು. ಈ ಗಲಭೆಯ ನಡುವೆ ಸೋಮಶೇಖರನಾಯಕನ ಕೊಲೆಯಾಯಿತು. ಮದುವೆಯಾಗಿ ಐದು ವರ್ಷವೂ ತುಂಬದ ಚೆನ್ನಮ್ಮ ವಿಧವೆಯಾದಳು. ಮಡಿಲಲ್ಲಿ ಕೂಸಿಲ್ಲ, ಬಾಗಿಲಲ್ಲಿ ಶತ್ರು, ಮನೆಯೊಳಗೆ ದ್ರೋಹ. ಇಂತಹ ಸ್ಥಿತಿ ಯಾವ ಹೆಣ್ಣುಮಗಳಿಗೂ ಬೇಡ.

ಅಂದಿನ ಲೋಕದಲ್ಲಿ ಮಕ್ಕಳಿಲ್ಲದ ವಿಧವೆಗೆ ಮೂಲೆಯೊಂದೇ ಗತಿ. ಚೆನ್ನಮ್ಮಾಜಿ ಮೂಲೆ ಸೇರಲಿಲ್ಲ. ಬಿದನೂರನ್ನು ಉಳಿಸಿಕೊಳ್ಳಲು ಆ ಕ್ಷಣದಲ್ಲಿ ಸಾಧ್ಯವಿಲ್ಲವೆಂದು ಕಂಡಾಗ ತೀರ್ಥಹಳ್ಳಿ ಸೀಮೆಯ ದಟ್ಟ ಕಾಡಿನ ನಡುವೆ ಇರುವ ಭುವನಗಿರಿ ದುರ್ಗಕ್ಕೆ, ಎಂದರೆ ಇಂದಿನ ಕವಲೇದುರ್ಗಕ್ಕೆ, ಹಿಂತೆಗೆದಳು. ಅಲ್ಲಿ ನಿಷ್ಠರಾದವರನ್ನು ಕೂಡಿಸಿದಳು. ತಿಮ್ಮಣ್ಣನಾಯಕನಂತಹ ಅನುಭವಿಗಳು ಆಕೆಯ ಬೆಂಬಲಕ್ಕೆ ನಿಂತರು. ಬಿಜಾಪುರದ ಸೈನ್ಯವನ್ನು ಹಿಮ್ಮೆಟ್ಟಿಸಿ ಬಿದನೂರನ್ನು ಮರಳಿ ಪಡೆದು, ಭುವನಗಿರಿಯಲ್ಲೇ ಪಟ್ಟಾಭಿಷಿಕ್ತಳಾದ ಆಕೆ ಇಪ್ಪತ್ತೈದು ವರ್ಷ ರಾಜ್ಯವನ್ನಾಳಿದಳು. ಹುಲಿಕೆರೆ ಎಂಬ ಊರು ಆಕೆಯ ಹೆಸರಿನಿಂದಲೇ ಚನ್ನಗಿರಿಯಾಗಿ ಇಂದಿಗೂ ಉಳಿದಿದೆ.

ಆಕೆ ಮಾಡಿದ ಮಹತ್ತರವಾದ ನಿರ್ಧಾರ ಯುದ್ಧರಂಗದ್ದಲ್ಲ, ಮನೆಯೊಳಗಿನದು. ಬಂಧುವರ್ಗಕ್ಕೆ ಸೇರಿದ ಬಸಪ್ಪ ಎಂಬ ಬಾಲಕನನ್ನು ಆಕೆ ದತ್ತು ತೆಗೆದುಕೊಂಡಳು. ರಾಜ್ಯಕ್ಕೆ ಉತ್ತರಾಧಿಕಾರಿ ಬೇಕಿತ್ತೆಂಬುದು ನಿಜ. ಆದರೆ ಉತ್ತರಾಧಿಕಾರಿಯನ್ನು ಹೆಸರಿಸುವುದು ಬೇರೆ, ಮಗನನ್ನು ಬೆಳೆಸುವುದು ಬೇರೆ. ಬಾಲಕನ ಹೆಸರಿನಲ್ಲಿ ಅಧಿಕಾರ ನಡೆಸಿ, ಅವನು ಬೆಳೆದಾಗ ಅವನನ್ನೇ ಬದಿಗೆ ತಳ್ಳಿದ ಪೋಷಕರ ಕಥೆಗಳು ರಾಜಮನೆತನಗಳಲ್ಲಿ ಹೇರಳವಾಗಿವೆ. ಚೆನ್ನಮ್ಮಾಜಿಯ ಮನೆಯಲ್ಲಿ ಹಾಗಾಗಲಿಲ್ಲ. ಆಕೆ ಕಾಪಾಡಿದ ರಾಜ್ಯ 1697ರಲ್ಲಿ ಅಖಂಡವಾಗಿ ಆ ಮಗನ ಕೈಸೇರಿತು. ಅವನೇ ಹಿರಿಯ ಬಸಪ್ಪನಾಯಕನೆಂದು ಹೆಸರಾಗಿ 1714ರವರೆಗೆ ಆಳಿದವನು.

ತಾಯಿ ಹೇಗೆ ಬೆಳೆಸಿದಳೆಂಬುದಕ್ಕೆ ಮಗನ ಬಾಳೇ ಸಾಕ್ಷಿ. ಬಸಪ್ಪನಾಯಕನು ಕೇವಲ ಅರಸನಾಗಿರಲಿಲ್ಲ, ಮಹಾವಿದ್ವಾಂಸನಾಗಿದ್ದನು. 1709ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವು ಧರ್ಮ, ರಾಜನೀತಿ, ವೈದ್ಯ, ಸಂಗೀತ, ಶಿಲ್ಪ, ಪಾಕಶಾಸ್ತ್ರ ಮುಂತಾದ ಅನೇಕ ವಿದ್ಯೆಗಳನ್ನು ಒಳಗೊಂಡ ವಿಶ್ವಕೋಶವೇ ಆಗಿದೆ. ಆ ಗ್ರಂಥದ ರಚನಾಕ್ರಮದಲ್ಲಿ ನಮ್ಮ ಮನಸ್ಸನ್ನು ಸೆಳೆಯುವ ಒಂದು ವಿಶೇಷವಿದೆ. ಅದು ತಂದೆಯು ತನ್ನ ಮಗನಾದ ಸೋಮಶೇಖರನಿಗೆ ಬೋಧಿಸುವ ರೂಪದಲ್ಲಿದೆ. ಈ ಸೋಮಶೇಖರನು ಚೆನ್ನಮ್ಮಾಜಿಗೆ ಮೊಮ್ಮಗ. ಆಕೆಯ ಗತಿಸಿದ ಪತಿಯ ಹೆಸರನ್ನು ಹೊತ್ತವನು. ಹೆರದೆ ಪಡೆದ ಮಗ ತನ್ನ ಮಗನಿಗೆ ಆ ಹೆಸರನ್ನಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ವಿದ್ಯೆ ಹೇಳುವನೆಂದರೆ, ಆ ಮನೆ ನಿಜವಾಗಿಯೂ ಮನೆಯಾಗಿತ್ತೆಂದು ಬೇರೆ ಹೇಳಬೇಕೆ?

ಪ್ರಿಯ ಭಕ್ತಾದಿಗಳೇ, ದತ್ತು ಸಂಬಂಧದ ಪಾವಿತ್ರ್ಯ ಕ್ರೈಸ್ತರಾದ ನಮಗೆ ಅಪರಿಚಿತವಲ್ಲ. ನಜರೇತಿನ ಪವಿತ್ರ ಕುಟುಂಬದ ಯಜಮಾನನಾದ ಸಂತ ಜೋಸೆಫರು ಯೇಸುಸ್ವಾಮಿಗೆ ಸಾಕುತಂದೆ. ಹಳೆಯ ಒಡಂಬಡಿಕೆಯ ರೂತಳ ಗ್ರಂಥದಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನವೊಮಿಯು, ತನ್ನ ರಕ್ತಕ್ಕೆ ಸೇರದ ಸೊಸೆಯ ಕೂಸನ್ನು ಎದೆಗವಚಿಕೊಂಡು ಅಜ್ಜಿಯಾದುದನ್ನು ಓದುತ್ತೇವೆ. ಆ ವಂಶದಿಂದಲೇ ದಾವೀದ ಅರಸನು ಬಂದನು. ದೇವರು ತನ್ನ ರಕ್ಷಣೆಯ ಯೋಜನೆಯಲ್ಲಿ ಹೆತ್ತ ಮಡಿಲಿಗೆ ಎಷ್ಟು ಎಡೆ ಕೊಟ್ಟಿರುವನೋ ಸಾಕಿದ ಮಡಿಲಿಗೂ ಅಷ್ಟೇ ಎಡೆ ಕೊಟ್ಟಿರುವನು.

ಇನ್ನು ನಮ್ಮ ಕರಾವಳಿಯ ವಿಷಯ. 1678ರಲ್ಲಿ ಕೆಳದಿಗೂ ಗೋವೆಯ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಅದರ ಮೂಲಕ ಮಿರ್ಜಾನ, ಚಂದಾವರ, ಹೊನ್ನಾವರ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆಯಿತು. ಈ ನಾಲ್ಕರಲ್ಲಿ ಕಲ್ಯಾಣಪುರ ಉಡುಪಿಯ ಬಳಿ ಇದೆ. ಉಳಿದ ಮೂರೂ ನಮ್ಮ ಕುಮಟಾ, ಹೊನ್ನಾವರ ಸೀಮೆಯವು. ಮಾವನು ಕೋಟೆಯನ್ನು ಕಿತ್ತುಕೊಂಡು ಇಪ್ಪತ್ತನಾಲ್ಕು ವರ್ಷಗಳ ನಂತರ ಸೊಸೆಯು ಬಲಿಪೀಠಕ್ಕೆ ಎಡೆಮಾಡಿದಳು. ಇದರಲ್ಲಿ ವಿರೋಧವಿಲ್ಲ, ವಿವೇಕವಿದೆ. ಪರದೇಶಿಯರ ಕೋಟೆ ಬೇರೆ, ನಾಡಿನ ಪ್ರಜೆಗಳ ಪ್ರಾರ್ಥನಾಮಂದಿರ ಬೇರೆ ಎಂಬ ಭೇದವನ್ನು ಆಕೆಯ ಆಡಳಿತ ಅರಿತಿತ್ತು. ನಮ್ಮವರು ಫಿರಂಗಿಗಳ ನೆರಳಿನಲ್ಲಿ ಬದುಕುವ ಬದಲು ನಾಡಿನ ರಾಣಿಯ ಪ್ರಜೆಗಳಾಗಿ ಪೂಜೆ ಸಲ್ಲಿಸುವ ಮಾರ್ಗ ಹೀಗೆ ತೆರೆಯಿತು.

ಸತ್ಯವನ್ನು ಮರೆಮಾಡುವುದು ಬೇಡ. ಈ ಒಪ್ಪಂದ ಕೇವಲ ಔದಾರ್ಯದಿಂದ ಹುಟ್ಟಿದುದಲ್ಲ. ಗೋವೆಗೆ ನಮ್ಮ ಕರಾವಳಿಯ ಅಕ್ಕಿ ಬೇಕಿತ್ತು. ಘಟ್ಟದ ಕಾಳುಮೆಣಸು ಬೇಕಿತ್ತು. ಕೆಳದಿಗೆ ಸಮುದ್ರದ ಮೇಲೆ ಶಾಂತಿ ಬೇಕಿತ್ತು, ಬಂದರುಗಳ ಸುಂಕ ಬೇಕಿತ್ತು. ವರ್ತಕನ ಮಗಳು ಲಾಭನಷ್ಟಗಳನ್ನು ತೂಗದೆ ಒಪ್ಪಂದ ಮಾಡಿಕೊಂಡಿರಲಾರಳು. ಆದರೆ ನಾವು ಇನ್ನೊಂದನ್ನೂ ಗಮನಿಸಬೇಕು. ಅಕ್ಕಿಯನ್ನು ಮಾರಲು ಇಗರ್ಜಿ ಕಟ್ಟಲು ಬಿಡಲೇಬೇಕೆಂಬ ನಿಯಮವೇನೂ ಇರಲಿಲ್ಲ. ಶತ್ರುಗಳಾಗಿದ್ದವರ ಮತವನ್ನು ಅನುಸರಿಸುವವರೆಂದು ಬಡ ಒಕ್ಕಲುಗಳನ್ನು ಸಂಶಯದಿಂದ ನೋಡಿ ಓಡಿಸುವುದು ಯಾವ ಅರಸನಿಗೂ ಸುಲಭವಾಗಿತ್ತು. ಹಾಗೆ ಮಾಡಿದ ಅರಸರು ಲೋಕದಲ್ಲಿ ಕಡಿಮೆಯೇನಲ್ಲ. ಚೆನ್ನಮ್ಮಾಜಿ ಆ ಸುಲಭಮಾರ್ಗವನ್ನು ಹಿಡಿಯಲಿಲ್ಲ.

ಈ ಶಾಂತಿಯ ಫಲವನ್ನು ಉಂಡವರಲ್ಲಿ ಒಬ್ಬರು ಇಂದು ನಮ್ಮ ಬಲಿಪೀಠಗಳ ಮೇಲಿನ ಸಂತರು. ಗೋವೆಯ ಧರ್ಮಗುರು ಜೋಸೆಫ್ ವಾಜ್ ಅವರು 1681ರಲ್ಲಿ ಕೆನರಾ ಮಿಷನ್ನಿಗೆ ಮುಖ್ಯಸ್ಥರಾಗಿ ಬಂದು 1684ರವರೆಗೆ ಈ ಕರಾವಳಿಯಲ್ಲಿ ದುಡಿದರು. ಆಗ ಅವರಿಗೆ ಮೂವತ್ತು ವರ್ಷ. ಗುರುಗಳಿಲ್ಲದೆ ಬಳಲಿದ್ದ ವಿಶ್ವಾಸಿಗಳನ್ನು ಬರಿಗಾಲಿನಲ್ಲಿ ಅರಸಿಹೋಗಿ, ಪಾಪನಿವೇದನೆ ಕೇಳಿ, ಮಕ್ಕಳಿಗೆ ಧರ್ಮೋಪದೇಶ ಮಾಡಿ, ಸೊರಗಿದ ಸಭೆಯನ್ನು ಚೇತರಿಸಿದರು. ಆ ದಿನಗಳಲ್ಲಿ ಅವರಿಗೆ ಹೆಚ್ಚು ನೋವು ತಂದದ್ದು ಅನ್ಯಮತೀಯರ ಕಿರುಕುಳವಲ್ಲ. ಗೋವೆಯ ಅಧಿಕಾರ ನಡೆಯಬೇಕೋ, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋ ಅವರ ಅಧಿಕಾರ ನಡೆಯಬೇಕೋ ಎಂದು ನಮ್ಮೊಳಗೇ ಇದ್ದ ಜಗಳ. ಅವರು ವಿನಯದಿಂದ ಎರಡೂ ಪಕ್ಷಗಳನ್ನು ಸಮಾಧಾನಪಡಿಸಲು ಯತ್ನಿಸಿದರು. ಮುಂದೆ ಶ್ರೀಲಂಕಾದ ಪ್ರೇಷಿತರೆನಿಸಿ 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದ ಅವರನ್ನು ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೋದಲ್ಲಿ ಸಂತಪದವಿಗೇರಿಸಿದರು. ನಮ್ಮ ಕರಾವಳಿಯಲ್ಲಿ ಅವರು ಕಳೆದ ಮೂರು ವರ್ಷಗಳೂ ಚೆನ್ನಮ್ಮಾಜಿಯ ಆಳ್ವಿಕೆಯೊಳಗಿನವು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಅದೇ ಕಾಲದಲ್ಲಿ, 1683ರಲ್ಲಿ, ಶಿವಾಜಿಯ ಮಗ ಸಂಭಾಜಿಯ ಸೈನ್ಯ ಗೋವೆಯ ಬಾರ್ದೇಸ್ ಮತ್ತು ಸಾಲ್ಸೆಟ್ ಪ್ರಾಂತಗಳ ಮೇಲೆ ನುಗ್ಗಿತು. ರಾಜಪ್ರತಿನಿಧಿಯು ಸಂತ ಫ್ರಾನ್ಸಿಸ್ ಜೇವಿಯರರ ಪಾರ್ಥಿವ ಶರೀರದ ಮುಂದೆ ತನ್ನ ಅಧಿಕಾರದಂಡವನ್ನಿರಿಸಿ ಮೊರೆಯಿಟ್ಟುದು ಆಗಲೇ ಎಂದು ಪರಂಪರೆ. ಹಳ್ಳಿಗಳು ಉರಿದವು. ಅನೇಕ ಕುಟುಂಬಗಳು ದಕ್ಷಿಣದ ದಾರಿ ಹಿಡಿದವು. ಅಂದಿನ ಹಾಗೂ ಅದಕ್ಕೆ ಹಿಂದುಮುಂದಿನ ವಲಸೆಗಳಲ್ಲಿ ಬಂದವರ ಸಂತತಿಯೇ ಇಂದು ಈ ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರಲ್ಲಿ ಬಹುಪಾಲು. ಕಂಕುಳಲ್ಲಿ ಕೂಸನ್ನೂ ಸೊಂಟದಲ್ಲಿ ಬೀಜದ ಭತ್ತದ ಗಂಟನ್ನೂ ಇಟ್ಟುಕೊಂಡು ನಡೆದುಬಂದ ನಮ್ಮ ಅಜ್ಜಿಯರನ್ನು ನಾವು ಮನಸ್ಸಿಗೆ ತಂದುಕೊಳ್ಳೋಣ. ಅವರ ಹೆಸರುಗಳು ಯಾವ ದಾಖಲೆಯಲ್ಲೂ ಇಲ್ಲ. ಅವರು ಬಂದು ಸೇರಿದ ಕೆಳದಿಯ ನೆಲದಲ್ಲಿ ಅವರಿಗೆ ಉಳಲು ಭೂಮಿ ದೊರೆಯಿತು. ನುರಿತ ಒಕ್ಕಲುಗಳೆಂದು ಅರಸರು ಅವರನ್ನು ಸ್ವಾಗತಿಸಿದರು.

ಇದಾದ ಆರು ವರ್ಷಗಳಿಗೆ ಚರಿತ್ರೆ ವಿಚಿತ್ರವಾಗಿ ತಿರುಗಿತು. 1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಸೆರೆಹಿಡಿದು ಕೊಲ್ಲಿಸಿದನು. ಸಂಭಾಜಿಯ ತಮ್ಮ ರಾಜಾರಾಮನು ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿ ಕೋಟೆಗೆ ಹೊರಟನು. ಮೊಗಲರ ಭಯದಿಂದ ದಾರಿಯಲ್ಲಿ ಆಶ್ರಯ ಕೊಡುವವರಿಲ್ಲ. ಅವನು ಚೆನ್ನಮ್ಮಾಜಿಯ ಮೊರೆಹೊಕ್ಕನು. ಆಶ್ರಯ ಕೊಟ್ಟರೆ ಭರತಖಂಡದ ಅತಿ ಪ್ರಬಲ ಚಕ್ರವರ್ತಿಯ ಕೋಪಕ್ಕೆ ತುತ್ತಾಗಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ರಾಣಿ ಆಶ್ರಯ ಕೊಟ್ಟಳು. ಅವನನ್ನು ತನ್ನ ನಾಡಿನ ಮೂಲಕ ಸುರಕ್ಷಿತವಾಗಿ ದಾಟಿಸಿದಳು.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಸಂಭಾಜಿಯ ದಂಡಿಗೆ ಹೆದರಿ ಓಡಿಬಂದ ನಮ್ಮ ಪೂರ್ವಿಕರಿಗೂ ಆಕೆಯ ನಾಡಿನಲ್ಲಿ ಎಡೆ ದೊರೆಯಿತು. ಅದೇ ಸಂಭಾಜಿಯ ತಮ್ಮ ದಿಕ್ಕೆಟ್ಟು ಬಂದಾಗ ಅವನಿಗೂ ದೊರೆಯಿತು. ಬಂದವನು ಯಾವ ಕುಲದವನು, ಯಾರ ಪಕ್ಷದವನು ಎಂಬ ಪ್ರಶ್ನೆಗಿಂತ ಬಾಗಿಲಿಗೆ ಬಂದಿದ್ದಾನೆ ಎಂಬುದೇ ದೊಡ್ಡದಾಯಿತು. ತಾಯಿಗೆ ಮಾತ್ರ ಹೀಗೆ ತೋಚೀತು. ಮನೆಯ ಮಕ್ಕಳು ಪರಸ್ಪರ ಹೊಡೆದಾಡಿಕೊಂಡು ಬಂದರೂ ತಾಯಿ ಇಬ್ಬರಿಗೂ ಎಲೆ ಹಾಕುತ್ತಾಳೆ.

ಇದಕ್ಕೆ ಬೆಲೆ ತೆರಬೇಕಾಯಿತು. ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಂದಿತು. ಮಲೆನಾಡಿನ ಮಳೆ, ಕಾಡು, ಕಣಿವೆಗಳು ರಾಣಿಯ ಸೈನ್ಯಕ್ಕೆ ನೆರವಾದವು. ಕಾದಾಟದ ನಂತರ ಸಂಧಿಯಾಯಿತು. ಕೆಳದಿ ಉಳಿಯಿತು, ಶರಣುಬಂದವನೂ ಉಳಿದನು.

ಮಗನ ಕೈಗೆ ರಾಜ್ಯ ಬಂದ ಮೇಲೂ ಆ ಮನೆತನ ಅರವತ್ತಾರು ವರ್ಷ ಬಾಳಿತು. ಎಲ್ಲವೂ ಆಕೆ ಇಟ್ಟಂತೆಯೇ ಉಳಿಯಲಿಲ್ಲ. ಕೆಳದಿಗೂ ಪೋರ್ಚುಗೀಸರಿಗೂ ಮತ್ತೆ ವಿರಸ ಹುಟ್ಟಿ ಕರಾವಳಿ ತಲ್ಲಣಿಸಿತು; 1714ರಲ್ಲಿ ಪುನಃ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅದೇ ವರ್ಷ ಪಟ್ಟಕ್ಕೆ ಬಂದ ಮೊಮ್ಮಗ ಸೋಮಶೇಖರನಾಯಕನು 1739ರವರೆಗೆ ಆಳಿದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡಾಗ ಆಳುತ್ತಿದ್ದವಳೂ ಒಬ್ಬ ವಿಧವೆ ರಾಣಿಯೇ, ವೀರಮ್ಮಾಜಿ. ಅಲ್ಲಿಗೆ ಕೆಳದಿಯ ಕಥೆ ಮುಗಿಯಿತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಹೋದರು. ಕರಾವಳಿಯ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಪಾಳುಬಿದ್ದ ನೆಲದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದರು. 1976ರಲ್ಲಿ ಕಾರವಾರ ಧರ್ಮಪ್ರಾಂತ ರಚನೆಯಾಗುವ ತನಕ, ಅಲ್ಲಿಂದ ಇಂದಿನ ತನಕ, ಬೆಳೆದುಬಂದ ನಮ್ಮ ಸಭೆಯ ಬೇರು ಹಾಗೆ ಮರಳಿ ಚಿಗುರಿದುದು.

ಹಾಗಾದರೆ ಚೆನ್ನಮ್ಮಾಜಿಯ ಬಾಳಿನಿಂದ ಉಳಿದುದೇನು? ಆಕೆಯ ಕೋಟೆ ಬಿದ್ದಿದೆ, ಅರಮನೆಯ ತಳಪಾಯ ಮಾತ್ರ ಕಾಣುತ್ತದೆ, ವಂಶ ಮುಗಿದಿದೆ. ಆದರೆ ಆಕೆಯ ಕಾಲದಲ್ಲಿ ಈ ನೆಲದಲ್ಲಿ ಬೇರೂರಿದ ಬಡ ಕುಟುಂಬಗಳ ಸಂತತಿ ಇಂದಿಗೂ ಇಲ್ಲಿದೆ. ತಾಯಿಯಾದವಳು ಬಿಟ್ಟುಹೋಗುವುದು ಕಟ್ಟಡವನ್ನಲ್ಲ, ಬದುಕಿ ಉಳಿದವರನ್ನು.

ಮನೆಮನೆಯ ಆಶೀರ್ವಾದಕ್ಕೆ ಹೋಗುವಾಗ ನಾವು ಕಾಣುವ ದೃಶ್ಯವೊಂದಿದೆ. ಮಗ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ದುಡಿಯುತ್ತಿರುತ್ತಾನೆ. ಮನೆಯಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಕಳುಹಿಸಿ, ಸಂಜೆ ಜಪಸರಕ್ಕೆ ಕೂರಿಸಿ, ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಇಡುವವಳು ಅಜ್ಜಿ. ಕೆಲವು ಮನೆಗಳಲ್ಲಿ ಅವಳು ಅಜ್ಜಿಯೂ ಅಲ್ಲ. ಮದುವೆಯಾಗದೆ ಉಳಿದ ಅತ್ತೆ, ಮಕ್ಕಳಿಲ್ಲದ ಚಿಕ್ಕಮ್ಮ, ಅಣ್ಣನ ಮನೆ ಸೇರಿದ ವಿಧವೆ. ಮಕ್ಕಳನ್ನು ಸಾಕುವ ತನಕ ಅವಳು ಬೇಕು. ಆಸ್ತಿಯ ಪಾಲಿನ ದಿನ ಅವಳ ಹೆಸರು ಯಾರಿಗೂ ನೆನಪಿಗೆ ಬರುವುದಿಲ್ಲ. ಮನೆಯ ಹಳೆಯ ಕೋಣೆ, ಅದರಲ್ಲೊಂದು ಮಂಚ, ಹಬ್ಬದ ದಿನ ಒಂದು ಸೀರೆ, ಅಷ್ಟೇ. ಹೆತ್ತವರನ್ನು ಗೌರವಿಸಬೇಕೆಂಬ ದೈವಾಜ್ಞೆ ಸಾಕಿದವರಿಗೂ ಸಲ್ಲುತ್ತದೆ. ಬಸಪ್ಪನಾಯಕನು ತನ್ನನ್ನು ಸಾಕಿದವಳ ಮನೆತನದ ಹೆಸರನ್ನು ಉಳಿಸಿದನು. ನಮ್ಮ ಮನೆಗಳಲ್ಲಿ ಸಾಕಿಸಿಕೊಂಡವರು ಏನನ್ನು ಉಳಿಸುತ್ತಿದ್ದೇವೆ ಎಂದು ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನು ಕೇಳಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ನಮ್ಮ ಇಡೀ ಧರ್ಮಕೇಂದ್ರಕ್ಕೆ ಸೇರಿದುದು. ನಾವು ಬಂದವರ ಮಕ್ಕಳು. ಇಂದು ನಮ್ಮ ಬಂದರುಗಳ ದೋಣಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯಲು ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಬಡವರು ಬರುತ್ತಿದ್ದಾರೆ. ಅವರ ಭಾಷೆ ಬೇರೆ, ಊಟ ಬೇರೆ, ದೇವರ ಹೆಸರು ಬೇರೆ. ಅವರ ಕೂಸುಗಳು ರಸ್ತೆಯ ಬದಿಯಲ್ಲಿ ಆಡುತ್ತಿರುತ್ತವೆ. ನಮ್ಮ ಅಜ್ಜಿಯರು ಗಂಟು ಹೊತ್ತು ಬಂದ ದಿನ ಇಲ್ಲಿನವರು ಬಾಗಿಲು ಮುಚ್ಚಿದ್ದರೆ ಈ ಶತಮಾನೋತ್ಸವವೆಲ್ಲಿ, ನಾವೆಲ್ಲಿ?

ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ಅಗಲಿದ ಗುರುಗಳನ್ನೂ ದಾನಿಗಳನ್ನೂ ಹೆಸರಿಸಿ ಪ್ರಾರ್ಥಿಸುವಾಗ, ಈ ನೆಲದಲ್ಲಿ ನಮಗೆ ಎಡೆಕೊಟ್ಟ ರಾಣಿ ಚೆನ್ನಮ್ಮಾಜಿಯನ್ನೂ, ಹೆರದೆ ತಾಯಾದ ನಮ್ಮ ಮನೆಗಳ ಎಲ್ಲ ಹೆಂಗಳೆಯರನ್ನೂ ದೇವರ ಕರುಣೆಗೆ ಒಪ್ಪಿಸೋಣ. ಅಂದು ಮಧ್ಯಾಹ್ನದ ಊಟಕ್ಕೆ ಅಂತಹ ಒಬ್ಬ ಹಿರಿಯಳನ್ನು ಕೋಣೆಯಿಂದ ಕರೆತಂದು ಪಂಕ್ತಿಯ ಮೊದಲಲ್ಲಿ ಕೂರಿಸಿದರೆ ನಮ್ಮ ಹಬ್ಬ ಸಾರ್ಥಕವಾದೀತೆಂದು ನಾವು ನಂಬುತ್ತೇವೆ.